ಬಾಗಬೇಕಾದವರು ಯಾರು?

ಗ್ರೀಕರ ಸದ್ಗುಣಗಳ ಸಾಲಿನಲ್ಲಿ ದೀನತೆಗೆ ಜಾಗವಿರಲಿಲ್ಲ. ತನ್ನ ಯೋಗ್ಯತೆ ಅರಿತು, ಅದಕ್ಕೆ ತಕ್ಕ ಗೌರವವನ್ನು ಸಂಕೋಚವಿಲ್ಲದೆ ಪಡೆಯುವವನನ್ನು ಅರಿಸ್ಟಾಟಲ್ ಮೆಚ್ಚಿದ. ತಲೆತಗ್ಗಿಸಿ ನಡೆಯುವುದು ಗುಲಾಮರ ಪಾಡಾಗಿತ್ತು. ಅಂಥ ಲೋಕದಲ್ಲಿ ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ, ದೇವರ ಸ್ಥಾನದಲ್ಲಿದ್ದ ಕ್ರಿಸ್ತರು ದಾಸರಾಗಿ ಇಳಿದು ಶಿಲುಬೆಯ ಸಾವನ್ನೂ ಒಪ್ಪಿಕೊಂಡರೆಂದು ಸಾರಿದರು. ಶಿಲುಬೆಯೆಂದರೆ ರೋಮನ್ನರು ಗುಲಾಮರಿಗೂ ದಂಗೆಕೋರರಿಗೂ ಕೊಡುತ್ತಿದ್ದ ಶಿಕ್ಷೆ. ಯೋಹಾನರ ಸುವಾರ್ತೆಯಲ್ಲಿ ಗುರುವೇ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆಯುತ್ತಾರೆ. ಎರಡು ಕಡೆಯೂ ಬಾಗಿದ್ದು ಮೇಲಿದ್ದವರು. ದೀನತೆಯ ಬಗ್ಗೆ ಕ್ರೈಸ್ತ ಸಭೆಯೊಳಗೆ ಮುಂದೆ ನಡೆದ ಚಿಂತನೆಯನ್ನೆಲ್ಲ ಈ ಮಾತಿನ ಪಕ್ಕದಲ್ಲಿಟ್ಟೇ ನೋಡಬೇಕು.

4ನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿಗೆ ಹೋದ ಸನ್ಯಾಸಿಗಳು ಗರ್ವವನ್ನು ತಮ್ಮೊಳಗೇ ಹುಡುಕಿದರು. ಅವರಲ್ಲೊಬ್ಬರಾದ ಇವಾಗ್ರಿಯಸ್ ಮನಸ್ಸನ್ನು ಕಾಡುವ ಎಂಟು ಆಲೋಚನೆಗಳನ್ನು ಗುರುತಿಸಿ, ಹೊಗಳಿಕೆಯ ಆಸೆಯನ್ನೂ ಗರ್ವವನ್ನೂ ಬೇರೆ ಬೇರೆಯಾಗಿ ಇಟ್ಟರು. ಉಳಿದ ಆಸೆಗಳನ್ನು ಗೆದ್ದವನ ಮೇಲೆಯೇ ಇವು ಎರಗುತ್ತವೆ. ಉಪವಾಸ ಮಾಡಿದವನಿಗೆ ಆ ಉಪವಾಸವೇ ಹೆಮ್ಮೆಯಾಗುತ್ತದೆ. ರೋಮ್ ನಗರ ಲೂಟಿಯಾದ ಮೇಲೆ ‘ದೇವರ ನಗರ’ ಬರೆದ ಅಗಸ್ಟೀನರು ಗರ್ವದ ಈ ಪರೀಕ್ಷೆಯನ್ನು ಸಾಮ್ರಾಜ್ಯಕ್ಕೇ ಒಡ್ಡಿದರು. 590ರಿಂದ 604ರವರೆಗೆ ಪೋಪ್ ಆಗಿದ್ದ ಮಹಾ ಗ್ರೆಗರಿಯವರು ಗರ್ವವನ್ನು ಆ ಆಲೋಚನೆಗಳ ಪಟ್ಟಿಯಿಂದಲೇ ಹೊರತೆಗೆದು ಎಲ್ಲ ಪಾಪಗಳ ಬೇರು ಎಂದರು.

6ನೇ ಶತಮಾನದ ಬೆನೆಡಿಕ್ಟರ ಮಠನಿಯಮ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು. ಅದರ 7ನೇ ಅಧ್ಯಾಯ ದೀನತೆಯ 12 ಮೆಟ್ಟಿಲುಗಳನ್ನು ಹೇಳುತ್ತದೆ. ಹೆಚ್ಚಿನವರು ಓದುವುದು ಅದನ್ನೇ. ಆದರೆ ಅದರ ನಿಜವಾದ ಕಸುವು ದಿನಚರಿಯ ಅಧ್ಯಾಯಗಳಲ್ಲಿದೆ. ಮಠದಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ತೀರ್ಮಾನಿಸುವುದು ವಯಸ್ಸಲ್ಲ, ವಂಶವಲ್ಲ. ಮಠ ಸೇರಿದ ಹೊತ್ತು. ಬೆಳಿಗ್ಗೆ ಒಂದು ಗಂಟೆ ಮೊದಲು ಬಂದವನು ಹಿರಿಯ, ಆಮೇಲೆ ಬಂದವನು ಕಿರಿಯ. ಸ್ವತಂತ್ರನಾಗಿ ಹುಟ್ಟಿದ ಮಾತ್ರಕ್ಕೆ ಯಾರೂ ಗುಲಾಮಗಿರಿಯಿಂದ ಬಂದವನ ಮುಂದೆ ನಿಲ್ಲುವಂತಿಲ್ಲ. ಅಡುಗೆಮನೆಯ ಕೆಲಸ ವಾರದ ಸರದಿ. ಸರದಿ ಮುಗಿಸುವವನೂ ಹಿಡಿಯುವವನೂ ಸೇರಿ ಎಲ್ಲರ ಕಾಲು ತೊಳೆಯಬೇಕು. ಪಾತ್ರೆ-ಬಟ್ಟೆಗಳನ್ನು ಶುಚಿಯಾಗಿ ಒಪ್ಪಿಸಬೇಕು. ದೊಡ್ಡ ವಿಷಯ ಬಂದಾಗ ಮಠಾಧಿಪತಿ ಎಲ್ಲರನ್ನೂ ಕರೆದು ಕೇಳಬೇಕು, ಏಕೆಂದರೆ ದೇವರು ಎಷ್ಟೋ ಸಲ ಕಿರಿಯನ ಬಾಯಿಂದಲೇ ಒಳ್ಳೆಯದನ್ನು ತಿಳಿಸುತ್ತಾನೆ. ಇಲ್ಲಿ ದೀನತೆ ಭಾವನೆಗಷ್ಟೇ ಬಿಟ್ಟ ಮಾತಾಗದೆ ವ್ಯವಸ್ಥೆಯಾಗಿದೆ.

12ನೇ ಶತಮಾನದಲ್ಲಿ ಕ್ಲೇರ್‌ವೋದ ಬರ್ನಾರ್ಡರು ಇದೇ ಮೆಟ್ಟಿಲುಗಳನ್ನು ಹಿಡಿದು ಮನುಷ್ಯ ಗರ್ವಕ್ಕೆ ಇಳಿಯುವ ಹಾದಿಯನ್ನು ವಿವರಿಸಿದರು. ಮರುಶತಮಾನದಲ್ಲಿ ಥಾಮಸ್ ಅಕ್ವಿನಾಸರು ದೀನತೆಗೂ ಅರಿಸ್ಟಾಟಲ್ ಮೆಚ್ಚಿದ ಮಹಾಮನಸ್ಕತೆಗೂ ರಾಜಿ ಮಾಡಿಸಿದರು. 1518ರಲ್ಲಿ ಹೈಡೆಲ್‌ಬರ್ಗಿನಲ್ಲಿ ಲೂಥರರು, ತನ್ನ ಸತ್ಕಾರ್ಯವನ್ನೇ ನೆಚ್ಚಿಕೊಳ್ಳುವುದರಲ್ಲೂ ಗರ್ವವಿದೆ ಎಂದು ವಾದಿಸಿದರು.

ಹೊರಗಿನಿಂದ ಪೆಟ್ಟು ಬಿದ್ದದ್ದು ಆಮೇಲೆ. 1751ರಲ್ಲಿ ಡೇವಿಡ್ ಹ್ಯೂಮ್ ದೀನತೆಯನ್ನು ಯಾರಿಗೂ ಉಪಯೋಗಕ್ಕೆ ಬಾರದ ಸನ್ಯಾಸಿಗಳ ಗುಣವೆಂದು ತಳ್ಳಿಹಾಕಿದ. 1887ರಲ್ಲಿ ನೀತ್ಸೆ ಅದರಲ್ಲಿ ದುರ್ಬಲರ ಹಗೆಯನ್ನು ಕಂಡ. ನಾನು ಇಬ್ಬರನ್ನೂ ಒಪ್ಪುವುದಿಲ್ಲ. ಆದರೆ ಇದಕ್ಕಿಂತ ಗಂಭೀರವಾದ ಪ್ರಶ್ನೆ ಸಭೆಯೊಳಗಿನಿಂದಲೇ ಎದ್ದಿತು. ಅಮೆರಿಕದ ರೈನ್‌ಹೋಲ್ಡ್ ನೀಬೂರ್ 1941ರ ಗ್ರಂಥದಲ್ಲಿ ಅಧಿಕಾರದ, ಜ್ಞಾನದ, ಸದ್ಗುಣದ ಗರ್ವಗಳನ್ನು ಬಿಡಿಸಿಟ್ಟು, ಗರ್ವವನ್ನೇ ಮನುಷ್ಯನ ಮೂಲಪಾಪವೆಂದರು. 1960ರಲ್ಲಿ ವ್ಯಾಲರಿ ಸೇವಿಂಗ್ ಎಂಬ ವಿದುಷಿ ಒಂದು ಲೇಖನದಲ್ಲಿ ಇದಕ್ಕೆ ಉತ್ತರಿಸಿದರು: ಇದು ಗಂಡಸರ ಅನುಭವ, ಇತರರಿಗಾಗಿ ತನ್ನತನವನ್ನೇ ಕಳೆದುಕೊಂಡ ಹೆಣ್ಣಿಗೆ ಗರ್ವ ಬಿಡು ಎನ್ನುವುದು ರೋಗಕ್ಕೆ ತಕ್ಕ ಮದ್ದಲ್ಲ.

ನಮ್ಮ ಬೆಂಗಳೂರಿನಲ್ಲೂ ಇದೇ ದಿಕ್ಕಿನ ಮಾತು ಕೇಳಿಬಂತು. ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರ ಹೊರಟಿತೆಂದು ಗುರುತಿಸಲಾಗುತ್ತದೆ. ಸೇವೆ ಮಾಡುವ ದೇವರು ದಲಿತರ ದೇವರು ಎಂಬುದು ಅವರ ನಿಲುವು. ಪೀಳಿಗೆಗಳಿಂದ ಬಲವಂತವಾಗಿ ಬಾಗಿಸಲ್ಪಟ್ಟವರಿಗೆ ಇದು ಇನ್ನಷ್ಟು ಬಾಗಿರೆಂಬ ಉಪದೇಶವಲ್ಲ, ತಲೆ ಎತ್ತಲು ಸಿಕ್ಕ ಆಸರೆ.

ಮೇಲಿದ್ದವರೇ ಬಾಗಿದ್ದು ಇತ್ತೀಚೆಗೂ ಕಂಡಿತು. 2013ರ ಪವಿತ್ರ ಗುರುವಾರ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ 12 ಮಂದಿಯ ಕಾಲು ತೊಳೆದರು; ಅವರಲ್ಲಿ ಹುಡುಗಿಯರೂ ಮುಸ್ಲಿಮರೂ ಇದ್ದರು. 2016ರಲ್ಲಿ ಆರಾಧನಾ ನಿಯಮವನ್ನೇ ಬದಲಿಸಿ ಹೆಂಗಸರಿಗೂ ಆ ವಿಧಿಯಲ್ಲಿ ಜಾಗ ಮಾಡಿಕೊಟ್ಟರು.

ಬರುವ ತಪಸ್ಸುಕಾಲದಲ್ಲಿ ದೀನತೆಯ ಮೇಲೆ ಬೋಧಿಸುವ ಗುರುಗಳಲ್ಲಿ, ಸಭಾಪಾಲಕರಲ್ಲಿ ನನ್ನದೊಂದು ಕೋರಿಕೆ. ಹಿಂದಿನ ಬೆಂಚಿನ ಹೆಂಗಸರಿಗೆ, ಬಡವರಿಗೆ ಅದನ್ನು ಹೇಳುವ ಮೊದಲು ಸಭಾ ಸಮಿತಿಯ ಮುಂದೆ ಬೆನೆಡಿಕ್ಟರ ನಿಯಮದಲ್ಲಿ ಸಮಾಲೋಚನೆ, ಅಡುಗೆಮನೆಯ ಸರದಿ, ಹಿರಿ-ಕಿರಿತನಗಳನ್ನು ಹೇಳುವ 3, 35 ಮತ್ತು 63ನೇ ಅಧ್ಯಾಯಗಳನ್ನು ಓದಿ ಹೇಳಿ.