ಆತ್ಮರಕ್ಷಣೆಗಾಗಿ ಸಣ್ಣ ರಿವಾಲ್ವರ್: ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪರವಾನಗಿ: 21 ವರ್ಷ ತುಂಬಿದವರು ಆಯುಧ ನಿಯಮಗಳು, 2016ರ ನಮೂನೆ ಎ-1ರಲ್ಲಿ ಚಾಮರಾಜನಗರದ ಜಿಲ್ಲಾ ದಂಡಾಧಿಕಾರಿಯವರಿಗೆ ಅರ್ಜಿ ಸಲ್ಲಿಸತಕ್ಕದ್ದು. ಪೊಲೀಸ್ ವರದಿಯನ್ನು ಪರಿಶೀಲಿಸಿ ಆದೇಶ ಹೊರಡಿಸಲಾಗುವುದು. ಪರವಾನಗಿ ದೊರೆಯುವ ಮುನ್ನ ಆಯುಧ ಖರೀದಿಸುವಂತಿಲ್ಲ. 2019ರ ತಿದ್ದುಪಡಿಯಂತೆ ಪರವಾನಗಿಯ ಅವಧಿ 5 ವರ್ಷ.

2. ಆಯ್ಕೆ: .32 ಅಳತೆಯ ರಿವಾಲ್ವರ್ ನಿಷೇಧಿತವಲ್ಲದ ವರ್ಗಕ್ಕೆ ಸೇರಿದೆ. ಕಾನ್ಪುರದಲ್ಲಿ 2014ರಲ್ಲಿ ಬಿಡುಗಡೆಯಾದ 'ನಿರ್ಭೀಕ್' ಇದೇ ಅಳತೆಯದಾಗಿದ್ದು, ಸುಮಾರು 500 ಗ್ರಾಂ ತೂಗುತ್ತದೆ. ಹಗುರವಾದ ರಿವಾಲ್ವರನ್ನು ಒಯ್ಯುವುದು ಸುಲಭ. ಆದರೆ ಗುಂಡು ಹಾರಿದಾಗ ಕೈಗೆ ಬೀಳುವ ಹೊಡೆತ ಹೆಚ್ಚು. ಆದುದರಿಂದ ಕೈಹಿಡಿತಕ್ಕೆ ಹೊಂದುವುದನ್ನೇ ಆರಿಸುವುದು ಸೂಕ್ತ.

3. ಒಯ್ಯುವ ಕ್ರಮ: ಸಾರ್ವಜನಿಕ ಸ್ಥಳದಲ್ಲಿ ಆಯುಧವು ಚೀಲದಲ್ಲಿ ಅಥವಾ ಮೈಗೆ ಕಟ್ಟಿದ ಒರೆಯಲ್ಲಿ ಸಂಪೂರ್ಣ ಮುಚ್ಚಿರತಕ್ಕದ್ದು. ಪ್ರದರ್ಶಿಸುವುದು ನಿಷಿದ್ಧ.

4. ಒಯ್ಯಬಾರದ ಸ್ಥಳಗಳು: ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ ಹಾಗೂ ಶಾಲಾ-ಕಾಲೇಜುಗಳ ಆವರಣ. ಮಲೆ ಮಹದೇಶ್ವರ ಬೆಟ್ಟದ ಜಾತ್ರೆಗೂ ಇದು ಅನ್ವಯಿಸುತ್ತದೆ.

5. ವಿಶೇಷ ಸೂಚನೆ: ಮಹದೇಶ್ವರ ಬೆಟ್ಟ ಮತ್ತು ಬಿಳಿಗಿರಿರಂಗನ ಬೆಟ್ಟದ ರಸ್ತೆಗಳು ಅಭಯಾರಣ್ಯದ ಮೂಲಕ ಹಾದುಹೋಗುತ್ತವೆ. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಕಲಂ 31ರಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಾನುಮತಿಯನ್ನು ಲಿಖಿತವಾಗಿ ಪಡೆಯದೆ ಅಲ್ಲಿಗೆ ಆಯುಧದೊಂದಿಗೆ ಪ್ರವೇಶಿಸುವುದು, ಪರವಾನಗಿ ಇದ್ದರೂ, ಅಪರಾಧವಾಗುತ್ತದೆ. ದೇವರ ದರ್ಶನಕ್ಕೆ ಹೊರಡುವವರು ಇದನ್ನು ಗಮನಿಸತಕ್ಕದ್ದು.