ನೆರೆಯನ್ನು ಆರಿಸಿಕೊಂಡ ಸುಲ್ತಾನರು

ಒಂದು ರಾತ್ರಿ ಒಂಬತ್ತರ ಚರ್ಚೆ ಮುಗಿಯುವ ಹೊತ್ತಿಗೆ ಶಹಾಪುರದ ಕಡೆಯವರೊಬ್ಬರು ಫೋನಿನಲ್ಲಿ ಸಿಕ್ಕರು. ಅವತ್ತು ನಾವು ಮಾತಾಡುತ್ತಿದ್ದದ್ದು ಸಂಪುಟ ವಿಸ್ತರಣೆಯ ಬಗ್ಗೆ. ಅವರಿಗೆ ಅದು ಬೇಕಿರಲಿಲ್ಲ.

‘ಸರ, ನಮ್ಮ ಬಾಜೂ ಮನಿಯವ ಗಾಡಿ ತಂದು ನಮ್ಮ ಕಟ್ಟಿ ಮುಂದೇ ನಿಂದ್ರಸ್ತಾನ್ರೀ. ಎರಡು ವರ್ಷ ಆಯ್ತು. ಇದನ್ನೊಂದು ಟೀವ್ಯಾಗ ಹಾಕ್ರಿ.’

ನ್ಯೂಸ್ ರೂಮಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ರಾಜ್ಯದ ಸರ್ಕಾರ ಅಲ್ಲಾಡುತ್ತಿರುವಾಗ ಈ ಮನುಷ್ಯನಿಗೆ ಬಾಗಿಲ ಮುಂದಿನ ಬೈಕಿನ ಚಿಂತೆ! ಆದರೆ ಮನೆಗೆ ಹೋಗಿ ಮಲಗಿದ ಮೇಲೂ ಆ ದನಿ ಕಿವಿಯಲ್ಲಿತ್ತು. ಸಂಪುಟ ವಿಸ್ತರಣೆ ಆದರೂ ಒಂದೇ, ಬಿಟ್ಟರೂ ಒಂದೇ. ಆ ಬೈಕು ಮಾತ್ರ ನಾಳೆ ಬೆಳಿಗ್ಗೆ ಅಲ್ಲೇ ಇರುತ್ತದೆ. ನಮ್ಮ ಬದುಕಿನ ಸುಖದುಃಖಗಳಲ್ಲಿ ಮುಕ್ಕಾಲು ಪಾಲು ವಿಧಾನಸೌಧದಲ್ಲಿ ಅಲ್ಲ, ಓಣಿಯಲ್ಲಿ ತೀರ್ಮಾನವಾಗುತ್ತವೆ. ಹಾಗಿದ್ದರೆ ಓಣಿಗೂ ಒಂದು ಇತಿಹಾಸ ಇರಬೇಕಲ್ಲ?

ಮುಂದೆ ಚುನಾವಣೆ ವರದಿಗೆಂದು ಯಾದಗಿರಿ ಜಿಲ್ಲೆಗೆ ಹೋದಾಗ ಒಂದು ಮಧ್ಯಾಹ್ನ ಬಿಡುವು ಸಿಕ್ಕಿತು. ಶಹಾಪುರದಿಂದ ಗೋಗಿಗೆ ಹೋದೆ. ಈ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕೀತು ಎಂದು ನಾನೇನೂ ಎಣಿಸಿರಲಿಲ್ಲ.

ಗೋಗಿ ಅಂದರೆ ಇತಿಹಾಸ ಓದಿದವರಿಗೆ ನೆನಪಾಗುವುದು ಸಮಾಧಿಗಳು. ಬಿಜಾಪುರದ ಆದಿಲ್‌ಶಾಹಿ ಮನೆತನವನ್ನು ಕಟ್ಟಿದ ಯೂಸುಫ್ ಆದಿಲ್ ಶಾಹ ಮಲಗಿರುವುದು ಬಿಜಾಪುರದಲ್ಲಲ್ಲ, ಇಲ್ಲಿ. 1510ರಲ್ಲಿ ಆತ ತೀರಿಕೊಂಡಾಗ ದೇಹವನ್ನು ರಾಜಧಾನಿಯಿಂದ ನೂರು ಕಿಲೋಮೀಟರಿಗೂ ದೂರದ ಈ ಊರಿಗೆ ತಂದರು. ಮಗ ಇಸ್ಮಾಯಿಲ್ 1534ರಲ್ಲಿ ಈಗಿನ ತೆಲಂಗಾಣದ ಕೋಯಿಲಕೊಂಡ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಸತ್ತ. ಅವನನ್ನೂ ಇಲ್ಲಿಗೇ ತಂದರು. ಮೊಮ್ಮಗ ಮೊದಲನೇ ಇಬ್ರಾಹಿಂ 1558ರಲ್ಲಿ ತೀರಿಕೊಂಡ. ಅವನೂ ಇಲ್ಲಿಗೇ ಬಂದ. ತಾತ, ಮಗ, ಮೊಮ್ಮಗ, ಮೂರು ತಲೆಮಾರು.

ಯಾಕೆ ಇಲ್ಲಿ? ಕಾರಣ ಸರಳ. ಸೂಫಿ ಸಂತ ಚಂದಾ ಹುಸೇನಿ ಅವರ ದರ್ಗಾ ಇರುವುದು ಗೋಗಿಯಲ್ಲಿ. ಯೂಸುಫನಿಗೆ ಆ ಸಂತನ ಮೇಲೆ ಅಪಾರ ಭಕ್ತಿ. ಸತ್ತ ಮೇಲೆ ಅವರ ಪಕ್ಕ ಇರಬೇಕು ಎನ್ನುವುದು ಅವನ ಬಯಕೆ. ಸ್ವಲ್ಪ ಯೋಚಿಸಿ ನೋಡಿ. ಮುಂದೆ ಇದೇ ಮನೆತನದ ಮಹಮ್ಮದ್ ಆದಿಲ್ ಶಾಹ ತನಗಾಗಿ ಗೋಳಗುಮ್ಮಟ ಕಟ್ಟಿಸಿಕೊಂಡ. ಜಗತ್ತೇ ಬಂದು ಅದನ್ನು ನೋಡುತ್ತದೆ. ಆದರೆ ಮನೆತನದ ಮೂಲಪುರುಷ ಕೇಳಿದ್ದು ಗುಮ್ಮಟವನ್ನಲ್ಲ, ಒಬ್ಬ ಒಳ್ಳೆಯ ನೆರೆಯವನನ್ನು.

ದೊರೆಗೆ ಆ ಭಾಗ್ಯ ಇತ್ತು, ನೆರೆಯನ್ನು ಆರಿಸಿಕೊಂಡ. ನಮಗೆ ಅದು ಎಲ್ಲಿ ಬರಬೇಕು? ಮನೆ ನೋಡ್ತೀವಿ, ವಾಸ್ತು ನೋಡ್ತೀವಿ, ನೀರು ಬರ್ತದಾ ಅಂತ ಕೇಳ್ತೀವಿ, ಬಾಡಿಗೆ ಚೌಕಾಸಿ ಮಾಡ್ತೀವಿ. ಪಕ್ಕದ ಮನೆಯವರು ಯಾರು ಅನ್ನೋದು ಸಾಮಾನು ಇಳಿಸಿದ ಮೇಲೆ ಗೊತ್ತಾಗುತ್ತದೆ.

ಅವತ್ತು ಗೋಗಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಇಲ್ಲಿ ಗೋಗಿ ಪೇಠ ಅಂತಲೂ ಒಂದು ಹೆಸರಿದೆ. ಸರ್ಕಾರದ ಕಾಗದದಲ್ಲಿ ಅದೊಂದು ಹಳ್ಳಿ. ಆದರೆ ಪೇಠ ಅಂದರೆ ಹಳ್ಳಿ ಅಲ್ಲ, ಪೇಟೆ. ವ್ಯಾಪಾರ ಮಾಡುವವರು, ಕಸುಬಿನವರು ಒತ್ತೊತ್ತಾಗಿ ಮನೆ ಕಟ್ಟಿಕೊಂಡು ಒಬ್ಬರ ಗೋಡೆಗೆ ಇನ್ನೊಬ್ಬರ ಗೋಡೆ ಸೇರಿಸಿ ಬದುಕುವ ಜಾಗ. ಬೆಂಗಳೂರಿನಲ್ಲಿ ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ ಇದ್ದ ಹಾಗೆ. ಊರು ಕುಗ್ಗಬಹುದು, ರಾಜ್ಯ ಹೋಗಬಹುದು. ಆದರೆ ಒಂದು ಕಾಲಕ್ಕೆ ಇಲ್ಲಿ ಅಕ್ಕಪಕ್ಕದ ಬದುಕಿತ್ತು ಅನ್ನುವ ಸಾಕ್ಷಿ ಹೆಸರಿನಲ್ಲಿ ಉಳಿದುಬಿಟ್ಟಿದೆ.

ಆ ಪೇಠದ ಜನ ಏನು ಮಾಡ್ತಿದ್ದರು? ಯಾರ ಮನೆ ನೀರು ಯಾರ ಅಂಗಳಕ್ಕೆ ಹರಿಯಿತು ಅಂತ ಜಗಳ ಆಡ್ತಿದ್ದರಾ? ಬರೆದಿಟ್ಟವರಿಲ್ಲ. ಬಿಜಾಪುರದ ಆಸ್ಥಾನದಲ್ಲಿ ಕೂತು ದಖನ್ನಿನ ಇತಿಹಾಸ ಬರೆದ ಫರಿಶ್ತಾ ಯುದ್ಧಗಳನ್ನು ಬರೆದ, ಮುತ್ತಿಗೆಗಳನ್ನು ಬರೆದ, ಯಾವ ಸುಲ್ತಾನ ಎಲ್ಲಿ ಮಣ್ಣಾದ ಅನ್ನುವುದನ್ನೂ ಬರೆದ. ಸುಲ್ತಾನರ ಪಕ್ಕದ ಓಣಿಯನ್ನು ಬಿಟ್ಟ. ಅವನನ್ನೇನು ಬೈಯುವುದು? ನಾವು ಟಿವಿಯವರು ಇವತ್ತು ಮಾಡುತ್ತಿರುವುದೂ ಅದನ್ನೇ.

ಓಣಿಯನ್ನು ಬಿಡದೆ ಬರೆದ ಹಳೇ ಗ್ರಂಥವೊಂದಿದೆ, ಕೌಟಿಲ್ಯನ ಅರ್ಥಶಾಸ್ತ್ರ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಅದು ಮತ್ತೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ. ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಗರಿಯಿಂದ ಅದನ್ನು ಹೊರತಂದು 1909ರಲ್ಲಿ ಅಚ್ಚು ಮಾಡಿಸಿದವರು ಆರ್. ಶಾಮಶಾಸ್ತ್ರಿಗಳು. ಅರ್ಥಶಾಸ್ತ್ರ ಅಂದರೆ ಬೇಹುಗಾರಿಕೆ, ವಿಷಪ್ರಯೋಗ, ರಾಜತಂತ್ರ ಅಂತಲೇ ನಮ್ಮ ತಿಳಿವಳಿಕೆ. ಆದರೆ ಅದರಲ್ಲಿ ಬೀದಿಗೆ ಕಸ ಚೆಲ್ಲಿದರೆ ಪಣದ ಎಂಟನೇ ಒಂದು ಭಾಗ ದಂಡ ಅಂತ ಇದೆ. ಕೆಸರು ನೀರು ನಿಲ್ಲುವಂತೆ ಮಾಡಿದರೆ ಕಾಲು ಪಣ. ಅದೇ ರಾಜಮಾರ್ಗದಲ್ಲಾದರೆ ಎರಡು ಪಟ್ಟು. ಮನೆಯ ಮೋರಿ ಪಕ್ಕದವರ ಗೋಡೆಯಿಂದ ಎಷ್ಟು ದೂರ ಇರಬೇಕು ಅನ್ನುವುದಕ್ಕೂ ಲೆಕ್ಕ ಇದೆ. ನಮ್ಮ ಪುರಸಭೆಯವರು ಇವತ್ತಿಗೂ ಬಗೆಹರಿಸಲಾಗದ ಸಮಸ್ಯೆಗಳ ಪಟ್ಟಿ ಆಗಲೇ ತಯಾರಿತ್ತು.

ಇನ್ನೂ ಒಂದು ನಿಯಮ ನನಗೆ ತುಂಬಾ ಹಿಡಿಸಿತು. ಬೆಂಕಿ ಬಿದ್ದಾಗ ಆರಿಸಲು ಓಡಿ ಬಾರದ ಮನೆ ಯಜಮಾನನಿಗೆ ಹನ್ನೆರಡು ಪಣ ದಂಡ. ಬಾಡಿಗೆದಾರನಾಗಿದ್ದರೆ ಆರು ಪಣ. ನೋಡಿ, ಕಸ ಚೆಲ್ಲಿದ್ದಕ್ಕೆ ಚಿಲ್ಲರೆ ಕಾಸು, ಕಷ್ಟಕ್ಕೆ ಬಾರದ್ದಕ್ಕೆ ಅದರ ಹತ್ತಿರಹತ್ತಿರ ನೂರು ಪಾಲು. ಇದು ದೊಡ್ಡ ವಿವೇಕ. ನೆರೆಯವನು ಕಿರಿಕಿರಿ ಮಾಡೇ ಮಾಡುತ್ತಾನೆ, ಅದಕ್ಕೆ ಸಣ್ಣ ದಂಡ ಸಾಕು. ಆದರೆ ಬೆಂಕಿ ಬಿದ್ದಾಗ ಬಾಗಿಲು ಹಾಕಿಕೊಂಡವನು ನಿಜವಾದ ಅಪರಾಧಿ.

ಮನೆ, ಗಡಿಯ ತಕರಾರುಗಳನ್ನು ಅಕ್ಕಪಕ್ಕದವರ ಸಾಕ್ಷಿಯ ಮೇಲೇ ತೀರ್ಮಾನಿಸಬೇಕು ಅಂತಲೂ ಅಲ್ಲಿ ಹೇಳಿದೆ. ಅಕ್ಕಪಕ್ಕದವರಿಗೆ ಅಲ್ಲಿ ಬಳಸಿದ ಪದ ಯಾವುದು ಗೊತ್ತೇ? ಸಾಮಂತ! ಸಾಮಂತ ರಾಜ ಅಂತ ನಾವು ಶಾಲೆಯಲ್ಲಿ ಉರು ಹೊಡೆದ ಪದಕ್ಕೆ ಮೊದಲಿದ್ದ ಅರ್ಥ ನೆರೆಯವನು, ಗಡಿ ಹಂಚಿಕೊಂಡವನು ಅಂತ. ಆ ಲೆಕ್ಕದಲ್ಲಿ ನಮ್ಮ ಓಣಿ ತುಂಬಾ ಸಾಮಂತರು. ಒಬ್ಬೊಬ್ಬರದೂ ಒಂದೊಂದು ಸಂಸ್ಥಾನ.

ಈ ಸಂಸ್ಥಾನಗಳ ನಡುವಿನ ದೊಡ್ಡ ಯುದ್ಧ ಯಾವಾಗಲೂ ನೀರಿನದು. ಬಿಜಾಪುರದ ಸುಲ್ತಾನರಿಗೂ ಅದು ಗೊತ್ತಿತ್ತು. ಗೋಗಿಯಲ್ಲಿ ಮಲಗಿರುವ ಇಬ್ರಾಹಿಂನ ಮಗ ಮೊದಲನೇ ಅಲಿ ಆದಿಲ್ ಶಾಹ 1579ರಲ್ಲಿ ಚಾಂದ ಬಾವಡಿ ಕಟ್ಟಿಸಿದ. ಮುಂದೆ 1620ರಲ್ಲಿ ತಾಜ ಬಾವಡಿ ಆಯಿತು, 1651ರಲ್ಲಿ ಬೇಗಂ ತಲಾಬ್ ಆಯಿತು. ಮಣ್ಣಿನ ಕೊಳವೆಗಳಲ್ಲಿ ಕೆರೆಯ ನೀರು ಊರೊಳಗೆ ಬರುತ್ತಿತ್ತು. ನೀರಿನ ಒತ್ತಡ ತಗ್ಗಲಿ, ಹೂಳು ತಳದಲ್ಲಿ ನಿಲ್ಲಲಿ ಎಂದು ನಡುನಡುವೆ ಗಂಜ್ ಎನ್ನುವ ಗೋಪುರಗಳನ್ನು ಕಟ್ಟಿದ್ದರು. ಕೆಲವು ಈಗಲೂ ನಿಂತಿವೆ. ಕೋಟೆ ಎಷ್ಟು ಗಟ್ಟಿಯಿದ್ದರೂ ಪೇಟೆಗೆ ನೀರು ಬರದಿದ್ದರೆ ರಾಜ್ಯ ನಿಲ್ಲದು ಅನ್ನುವುದು ಅವರಿಗೆ ತಿಳಿದಿತ್ತು.

ನಮ್ಮ ಕಲ್ಯಾಣ ಕರ್ನಾಟಕದ ಓಣಿಗಳಲ್ಲಿ ನಳದ ನೀರು ಬರುವ ಹೊತ್ತು ಅಂದರೆ ಒಂದು ಸಣ್ಣ ಕುರುಕ್ಷೇತ್ರ. ಕೊಡ ಪಾಳಿಗಿಟ್ಟವರು ಯಾರು, ನಡುವೆ ತೂರಿಸಿದವರು ಯಾರು, ಮೋಟರ್ ಹಚ್ಚಿ ಎಲ್ಲರ ನೀರನ್ನೂ ಎಳೆದುಕೊಂಡವರು ಯಾರು! ಆದರೆ ಆ ಪಾಳಿಯಲ್ಲೇ ಊರ ಸುದ್ದಿಯೆಲ್ಲ ತಿಳಿಯುವುದು. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಮಗನಿಗೆ ನೌಕರಿ ಸಿಕ್ಕಿತು, ಯಾರು ಎರಡು ದಿನದಿಂದ ಹೊರಗೆ ಕಾಣಿಸಿಲ್ಲ. ‘ಅಜ್ಜಿ ಯಾಕ ನೀರಿಗೆ ಬಂದಿಲ್ಲ, ನೋಡ್ಕೊಂಡ್ ಬರ್ರಿ’ ಅನ್ನುವ ಮಾತು ಹುಟ್ಟುವುದು ಅಲ್ಲೇ. ಮನೆಮನೆಗೆ ನಳ ಬರಲಿ, ಬರಲೇಬೇಕು. ಹೆಣ್ಣುಮಕ್ಕಳ ಸೊಂಟ ಮುರಿದ ಪಾಳಿಯನ್ನು ನಾನು ಹೊಗಳಲಾರೆ. ಆದರೆ ಅಜ್ಜಿಯನ್ನು ಕೇಳುವವರು ಯಾರು ಅನ್ನುವ ಪ್ರಶ್ನೆ ಉಳಿಯುತ್ತದೆ.

ಓಣಿಯ ಸುಖಗಳೂ ಹೀಗೇ. ಕಿರಿಕಿರಿಯ ಹೊಟ್ಟೆಯಲ್ಲೇ ಹುಟ್ಟುತ್ತವೆ. ಬೆಳಗಿನ ನಿದ್ದೆ ಕೆಡಿಸುವ ಸಪ್ಪಳ ಯಾವುದು? ಪಕ್ಕದ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವುದು. ಅದೇ ಸಪ್ಪಳ ಕೇಳಿದ ಅರ್ಧ ಗಂಟೆಗೆ ಗೋಡೆಯ ಮೇಲಿಂದ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಬರುವುದೂ ಉಂಟು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಿದರೆ ಆಚೆ ಮಾಳಿಗೆಯವರ ಗೊರಕೆ, ಈಚೆ ಮಾಳಿಗೆಯ ಕೂಸಿನ ಅಳು. ಆದರೆ ಬಿಸಿಲಿಗೆ ಕಾದ ಮನೆಯೊಳಗೆ ಒಬ್ಬನೇ ಬೇಯುವುದಕ್ಕಿಂತ ಅದು ಮೇಲು. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ರಾತ್ರಿಯಿಡೀ ಹಲಗೆ. ನಿದ್ದೆ ಇಲ್ಲ, ನಿಜ. ಆದರೆ ಆ ಬೆಂಕಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಯಾವ ಮನೆಯವರು ಯಾವ ದೇವರಿಗೆ ನಡೆದುಕೊಳ್ಳುತ್ತಾರೆ ಅಂತ ಈ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ. ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ದೇವರು ಕೂರುತ್ತಾನೆ.

ಹಾಗಂತ ಕಿರಿಕಿರಿಯನ್ನೆಲ್ಲ ಸಹಿಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು ಅಂತ 2000ನೇ ಇಸವಿಯ ಕೇಂದ್ರದ ನಿಯಮವೇ ಇದೆ. ಪರೀಕ್ಷೆಗೆ ಓದುವ ಹುಡುಗಿ, ಹೃದಯದ ಬೇನೆ ಇರುವ ಮುದುಕರು ಎಲ್ಲ ಓಣಿಯಲ್ಲೂ ಇದ್ದಾರೆ. ಸಪ್ಪಳ ಗುಡಿಯದಿರಲಿ, ಮಸೀದಿಯದಿರಲಿ, ಮದುವೆಯ ಡಿಜೆಯದಿರಲಿ, ಅವರಿಗೆ ತಾಪ ಒಂದೇ. ಇಕ್ಕಟ್ಟೂ ಅಷ್ಟೇ, ಜೀವ ತೆಗೆಯಬಲ್ಲದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಒತ್ತೊತ್ತಾದ ಹಳೇ ಪೇಟೆಗಳು ತತ್ತರಿಸಿದವು. ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಬೆಳೆದದ್ದು ಆ ಪೆಟ್ಟು ತಿಂದ ಮೇಲೆ. ಅಗಲ ರಸ್ತೆ, ಗಾಳಿ ಬೆಳಕು, ಮನೆಯ ಹಿಂದೆ ಕನ್ಸರ್ವೆನ್ಸಿ ಲೇನ್. ದೂರ ಇರುವುದೂ ಆರೋಗ್ಯ ಅಂತ ನಾವು ಕಲಿತದ್ದು ಹೆಣಗಳನ್ನು ಹೊತ್ತ ಮೇಲೆ.

ಆದರೆ ಆ ಪಾಠವನ್ನು ನಾವು ವಿಪರೀತಕ್ಕೆ ಒಯ್ದೆವಾ? ಯಾದಗಿರಿ ರಾಜ್ಯದ 30ನೇ ಜಿಲ್ಲೆಯಾದ ಮೇಲೆ ಯಾದಗಿರಿ, ಶಹಾಪುರ, ಸುರಪುರದಲ್ಲೂ ಹೊಸ ಲೇಔಟುಗಳು ಎದ್ದಿವೆ. ಎದೆಮಟ್ಟದ ಕಾಂಪೌಂಡು, ಕಬ್ಬಿಣದ ಗೇಟು, ಅದರ ಮೇಲೆ ‘ನಾಯಿ ಇದೆ ಎಚ್ಚರಿಕೆ’. ಮನೆ ಮುಂದಿನ ಕಟ್ಟೆ ಮಾತ್ರ ಮಾಯ. ಕಟ್ಟೆ ಇಲ್ಲದಿದ್ದರೆ ಬೈಕಿನ ಜಗಳವೂ ಇಲ್ಲ, ಸರಿ. ಕೂತು ರಾಜಿ ಮಾಡಿಕೊಳ್ಳುವ ಜಾಗವೂ ಇಲ್ಲ.

ಇದು ಹಳೇ ಕಾಲದ ಹಂಬಲದ ಮಾತಲ್ಲ. ಗೋಗಿಯ ನೆಲದಡಿ ಯುರೇನಿಯಂ ಇದೆ ಅಂತ ಕೇಂದ್ರದ ಅಣು ಖನಿಜ ನಿರ್ದೇಶನಾಲಯದ ಶೋಧದಲ್ಲಿ ಗೊತ್ತಾಗಿದೆ. ಗಣಿಯ ಮಾತು ಬಂದಾಗ ಇಲ್ಲಿಯ ಜನ ಕೇಳಿದ್ದು, ನಮ್ಮ ನೀರಿನ ಗತಿ ಏನು ಅಂತ. ಅಂಥ ಪ್ರಶ್ನೆಯನ್ನು ಒಬ್ಬೊಬ್ಬರೇ ಕೇಳಿದರೆ ಯಾರಿಗೂ ಕೇಳಿಸುವುದಿಲ್ಲ. ದಿನಾ ಕೊಡದ ಪಾಳಿಗೆ ಜಗಳವಾಡಿ, ಮರುದಿನ ಮಾತಾಡಿಸಿ, ಮತ್ತೆ ಜಗಳವಾಡಿ ರೂಢಿಯಾದವರು ಮಾತ್ರ ಇಂಥ ಹೊತ್ತಿನಲ್ಲಿ ಒಟ್ಟಿಗೆ ನಿಲ್ಲಬಲ್ಲರು. ಕನ್ನಡದಲ್ಲಿ ನೆರೆ ಅಂದರೆ ಪಕ್ಕದವರು, ನೆರೆ ಅಂದರೆ ಪ್ರವಾಹವೂ ಹೌದು. 2009ರಲ್ಲಿ, ಮತ್ತೆ 2019ರಲ್ಲಿ ಉತ್ತರ ಕರ್ನಾಟಕ ಮುಳುಗಿದಾಗ ನಾನು ವರದಿ ಓದುತ್ತಾ ಕಂಡದ್ದು ಒಂದೇ. ಬೋಟು, ಹೆಲಿಕಾಪ್ಟರು ಆಮೇಲೆ ಬಂದವು. ಮೊದಲು ಬಂದು ಕೈ ಹಿಡಿದು ಮೇಲೆಳೆದವರು ಆಚೆ ಮನೆಯವರು. ಆ ನೆರೆ ಬಂದಾಗ ಈ ನೆರೆಯೇ ಗತಿ.

ಬೆಂಗಳೂರಿಗೆ ಬಂದ ಮೇಲೆ ಆ ಶಹಾಪುರದವರ ನಂಬರು ಹುಡುಕಿಸಿ ನಾನೇ ಫೋನ್ ಮಾಡಿದೆ. ಗಾಡಿ ಏನಾಯ್ತು ಅಂತ ಕೇಳಿದೆ.

‘ಗಾಡಿ ಅಲ್ಲೇ ನಿಂದ್ರಸ್ತಾನ್ರೀ ಸರ. ಆದ್ರ ಈಗ ಒಂದ್ ಚಾವಿ ನಮ್ಮನಿಗೇ ಕೊಟ್ಟಾನ. ಬೇಕಾದಾಗ ನೀವೇ ಸರಿಸ್ಕೋರಿ ಅಂದ. ನಿನ್ನಿ ನಮ್ಮ ಹುಡುಗ ಅದ್ರ ಮ್ಯಾಲೇ ಕಾಲೇಜಿಗೆ ಹೋಗ್ಯಾನ್ರೀ.’

ಪೆಟ್ರೋಲ್ ಯಾರು ಹಾಕಿಸಿದರು ಅಂತ ನಾನು ಕೇಳಲಿಲ್ಲ. ಅದು ಮುಂದಿನ ಜಗಳ.