ಪಾಲಿಮರ್ ಮಾಧ್ಯಮದಲ್ಲಿ ಲೋಹಸಂಚಯನ: ಒಂದು ಚಾರಿತ್ರಿಕ ಅವಲೋಕನ

ಗಾಂಧಿ ಬಜಾರಿನಲ್ಲಿ ಗಿಲೀಟಿನ ಪೂಜಾಪಾತ್ರೆಯನ್ನು ಕೊಳ್ಳುವ ಗೃಹಸ್ಥನು ಅದರ ಮೈ ನುಣುಪಾಗಿದೆಯೇ ಎಂದು ಬೆರಳಾಡಿಸಿ ನೋಡುವನು. ವಿದ್ಯುತ್ತಿನಿಂದ ಲೋಹವನ್ನು ಲೇಪಿಸುವಾಗ ಪ್ರವಾಹವು ಮಿತಿಮೀರಿದರೆ ಮೈ ತರಿತರಿಯಾಗುವುದು. ಅಲ್ಲಿ ಕೆಡುವುದು ಮುಖ್ಯವಾಗಿ ಅಂದ. ಆದರೆ ಲಿಥಿಯಂ ಲೋಹವನ್ನೇ ಋಣಧ್ರುವವಾಗಿ ಉಳ್ಳ ಬ್ಯಾಟರಿಯಲ್ಲಿ, ಪ್ರತಿ ಸಲ ವಿದ್ಯುತ್ತನ್ನು ತುಂಬುವಾಗಲೂ ಇದೇ ಲೇಪನ ನಡೆಯಬೇಕು. ಅಲ್ಲಿ ತರಿಗಳು ಕೊಂಬೆಗಳಾಗಿ ಬೆಳೆದು ಎದುರಿನ ಧ್ರುವವನ್ನು ಮುಟ್ಟಿದರೆ ಬೆಂಕಿಯ ಭಯ. ಅದೇ ಬೀದಿಯಲ್ಲಿ ಓಡಾಡುವ ವಿದ್ಯುತ್ ಸ್ಕೂಟರುಗಳಲ್ಲಿ ಲಿಥಿಯಂ ಸಾಮಾನ್ಯವಾಗಿ ಲೋಹರೂಪದಲ್ಲಿರದೆ ಗ್ರಾಫೈಟಿನ ಪದರಗಳೊಳಗೆ ಸೇರಿರುವುದಕ್ಕೆ ಇದೊಂದು ಪ್ರಬಲ ಕಾರಣ.

ದ್ರವದ ಬದಲು ಘನವಾದ ಪಾಲಿಮರನ್ನು ನಡುವೆ ಇಟ್ಟರೆ ಕೊಂಬೆಗಳನ್ನು ತಡೆಯಬಹುದೆಂಬ ಆಸೆಗೆ ಅರ್ಧ ಶತಮಾನದ ವಯಸ್ಸಾಗಿದೆ. ಪಾಲಿಎಥಿಲೀನ್ ಆಕ್ಸೈಡು ಕ್ಷಾರಲೋಹಗಳ ಲವಣಗಳೊಡನೆ ಸಂಕೀರ್ಣಗಳನ್ನು ರಚಿಸುವುದೆಂದು ಫೆಂಟನ್, ಪಾರ್ಕರ್ ಮತ್ತು ರೈಟ್ 1973ರಲ್ಲಿ ವರದಿಮಾಡಿದರು. ಅದನ್ನು ಬ್ಯಾಟರಿಗೆ ಬಳಸಬಹುದೆಂದು 1978ರಲ್ಲಿ ಸೂಚಿಸಿದವರು ಅರ್ಮಾಂಡ್. ಪಾಲಿಮರಿನ ಸರಪಳಿ ಮಿಸುಕಾಡಿದಾಗಲೇ ಅಯಾನು ಮುಂದೆ ಸಾಗುವುದರಿಂದ, ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಿಲ್ಲದೆ ಈ ಮಾಧ್ಯಮ ಚುರುಕಾಗದು. ಪ್ಯಾರಿಸಿನ ಆಟೋಲಿಬ್ ಬಾಡಿಗೆ ಕಾರುಗಳು 2011ರಿಂದ 2018ರವರೆಗೆ ಈ ಜಾತಿಯ ಬ್ಯಾಟರಿಯಿಂದಲೇ ಓಡಿದವು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಮ್ಮೂರ ಹಿರಿಯರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಗಿರೀಶ್ ಕುಮಾರ್ ಮತ್ತು ಮುನಿಚಂದ್ರಯ್ಯ ಅವರು ಹಿಡಿದ ದಾರಿ ಬೇರೆ. 2002ರಲ್ಲಿ ಪ್ರಕಟವಾದ ಅವರ ಪ್ರಬಂಧವು ಪಾಲಿಮೀಥೈಲ್ ಮೆಥಾಕ್ರಿಲೇಟಿನ ಮೆದುವಾದ ಜೆಲ್ಲಿನಲ್ಲಿ ಮೆಗ್ನೀಸಿಯಂ ಲವಣವನ್ನು ಸೇರಿಸಿದ ಮಾಧ್ಯಮವನ್ನು ಕುರಿತದ್ದು. ಮೆಗ್ನೀಸಿಯಂ ಕೊಂಬೆಯೊಡೆಯುವುದು ಲಿಥಿಯಮಿಗಿಂತ ಕಡಿಮೆ; ಆದರೆ ಅದರ ಮೈಮೇಲೆ ಕಟ್ಟುವ ಪೊರೆಯೇ ಅಯಾನುಗಳಿಗೆ ಅಡ್ಡಗೋಡೆಯಾಗುವುದು. ಒಂದು ಪೀಡೆ ತಗ್ಗಿದರೆ ಇನ್ನೊಂದು ತಲೆಯೆತ್ತಿತು.

ಲಿಥಿಯಮಿನ ವಿಷಯದಲ್ಲಿ ಮನ್ರೋ ಮತ್ತು ನ್ಯೂಮನ್ 2005ರಲ್ಲಿ ಗಣಿಸಿ ಹೇಳಿದ್ದೇನೆಂದರೆ, ನಡುವಣ ಪಾಲಿಮರಿನ ಕತ್ತರಿ ಗುಣಾಂಕವು ಲೋಹದ ಗುಣಾಂಕದ ಸುಮಾರು ಇಮ್ಮಡಿಯಿದ್ದರೆ ತರಿಗಳು ಅಡಗುವುವು. ಗಡಸುತನವೊಂದಿದ್ದರೆ ಸಾಕೆಂಬ ನಂಬಿಕೆ ಇದರಿಂದ ಬೇರೂರಿತು. ಅದು ಅವಸರದ ತೀರ್ಮಾನವೆಂದೇ ನಮ್ಮ ಅಭಿಪ್ರಾಯ; ಏಕೆಂದರೆ ಪಾಲಿಮರಿಗಿಂತ ಎಷ್ಟೋ ಗಡಸಾದ ಪಿಂಗಾಣಿ ಜಾತಿಯ ಮಾಧ್ಯಮಗಳನ್ನೂ ಮೆತ್ತನೆಯ ಲಿಥಿಯಂ ಭೇದಿಸಿತು.

ಏಕೆ ಭೇದಿಸಿತೆಂಬುದಕ್ಕೆ ಒಂದು ಉತ್ತರವು ಅದೇ ಸಂಸ್ಥೆಯಿಂದ 2022ರಲ್ಲಿ ಹೊರಬಂದಿತು. ನಾಗಫಣಿ ಐತುಕೂರಿ ಮತ್ತು ಸಂಗಡಿಗರು ಪಿಂಗಾಣಿ ಮಾಧ್ಯಮವನ್ನು ಪರೀಕ್ಷಿಸಿ, ಕೇಡಿನ ಮೊದಲು ಲೋಹ ಕೂರುವಾಗಲ್ಲ, ಅದು ಕರಗಿಹೋಗುವಾಗ ಎಂದು ತೋರಿಸಿದರು. ಆಗ ಲೋಹಕ್ಕೂ ಮಾಧ್ಯಮಕ್ಕೂ ನಡುವೆ ಸೂಕ್ಷ್ಮ ಪೊಳ್ಳುಗಳುಂಟಾಗಿ, ಅವುಗಳ ಅಂಚಿನಲ್ಲಿ ಪ್ರವಾಹ ದಟ್ಟೈಸಿ, ಅಲ್ಲಿಂದ ಕೊಂಬೆ ಹೊರಡುವುದು. ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಮಿನ ತೆಳುಪದರವನ್ನು ನಡುವೆ ಇಟ್ಟಾಗ ಪೊಳ್ಳುಗಳು ಮೂಡುವುದು ತಡವಾಯಿತು.